ಎಲೆ ಕಿತ್ತರೆ ಚಿಗುರುತ್ತದೆ, ಬೇರು ಕಿತ್ತರೆ?

ಜೂನ್ 5, ಪರಿಸರ ದಿನ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಔಷಧೀಯ ಸಸಿ ವಿತರಣೆ ಜೋರು. ತುಳಸಿ, ಲೋಳೆಸರ, ಒಂದೆಲಗ. ಸಂತೋಷವೇ. ಆದರೆ ಇವುಗಳಲ್ಲಿ ಯಾವುದಕ್ಕೆ ಅಳಿಯುವ ಭಯವಿದೆ ಎಂದು ಕೇಳಿದರೆ ನಾನು ವಿಘ್ನಸಂತೋಷಿಯಾಗುತ್ತೇನೆ. ಒಂದೆಲಗ ತೋಟದ ಕಣಿಯ ಬದಿಯಲ್ಲಿ ತಾನಾಗಿ ಹಬ್ಬುತ್ತದೆ, ತಂಬುಳಿಗೆ ಕೊಯ್ದಷ್ಟೂ ಚಿಗುರುತ್ತದೆ. ಕುತ್ತಿಗೆಗೆ ಬಂದಿರುವುದು ಬೇರು, ಕಾಂಡ, ತೊಗಟೆಗೆ ಬೇಡಿಕೆಯಿರುವ ಕಾಡಿನ ಗಿಡಗಳಿಗೆ.

ಏಕನಾಯಕ ಎಂಬ ಕಾಡುಬಳ್ಳಿಯನ್ನೇ ನೋಡಿ. ಸಕ್ಕರೆ ಕಾಯಿಲೆಗೆ ಇದರ ಬೇರಿನ ಕಷಾಯ ಹಳೆಯ ರೂಢಿ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಕುಲದ ಬಳ್ಳಿಯಿಂದ ಸಲಾಸಿನಾಲ್ ಎಂಬ ಅಂಶವನ್ನು ಬೇರ್ಪಡಿಸಿದರು. ಪಿಷ್ಟ ಸಕ್ಕರೆಯಾಗುವುದನ್ನು ಅದು ನಿಧಾನಗೊಳಿಸುತ್ತದೆ. ಪುಡಿಗೂ ಮಾತ್ರೆಗೂ ಮಾರುಕಟ್ಟೆ ಸಿಕ್ಕಿತು. ಬೇರು ಅಗೆದ ಬಳ್ಳಿ ಮಾತ್ರ ಮತ್ತೆ ಎಲ್ಲಿಂದ ಬರಬೇಕು? ಕಾಂಡಕ್ಕಾಗಿ ಕಡಿಯುವ ಮರದರಿಶಿನ ಬಳ್ಳಿಯ ಪಾಡು ಇನ್ನೂ ಕೆಟ್ಟದ್ದು. ಅದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೂ ಬಿಡಲು ವರ್ಷಗಟ್ಟಲೆ ಬೇಕು. ಹತ್ತಿರದ ಗಂಡು ಬಳ್ಳಿಯನ್ನು ಕಡಿದರೆ ಹೆಣ್ಣು ಬಳ್ಳಿ ಇದ್ದೂ ಕಾಯಿಲ್ಲ. ಅಶೋಕದ ತೊಗಟೆಯನ್ನು ಕಾಂಡದ ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಮರ ನಿಂತಲ್ಲೇ ಒಣಗುತ್ತದೆ. ಒಂದೇ ಪಕ್ಕದಿಂದ, ಉದ್ದಕ್ಕೆ, ಕಿರಿದಾಗಿ ತೆಗೆದರೆ ಗಾಯ ಮಾಯುತ್ತದೆ.

ತೆಗೆಯುವ ಕ್ರಮ ನಮ್ಮವರಿಗೆ ಹೊಸದಲ್ಲ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಪಾಲೆ (ಹಾಲೆ) ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವ ರೂಢಿಯಿದೆ. ಆ ನಸುಕಿನಲ್ಲಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದ ಜಜ್ಜಿಯೇ ಕೆತ್ತೆ ಎಬ್ಬಿಸಬೇಕು. ಕಾರಣ ಏನೇ ಹೇಳಲಿ, ಕಲ್ಲು ಹಿಡಿದವನಿಗೆ ಮನೆಮಂದಿಯ ಕಷಾಯಕ್ಕೆ ಬೇಕಾದಷ್ಟು ಎಬ್ಬಿಸುವುದರೊಳಗೆ ಕೈ ಸೋಲುತ್ತದೆ. (ಪಾಲೆಯೆಂದು ಕಾಸರಕ ಎಂಬ ಬೇರೆ ಮರದ ಕೆತ್ತೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ, ಪ್ರಾಣಕ್ಕೇ ಸಂಚಕಾರ. ಮರದ ಗುರುತು ಬಲ್ಲವರಿಲ್ಲದ ಮನೆಯವರು ಸಾಹಸಕ್ಕೆ ಇಳಿಯಬೇಡಿ.)

ಹಾಗೆಂದು ಬೇರು ಅಗೆಯುವವರನ್ನು ಬಯ್ಯುವ ಗುಂಪಿನಲ್ಲಿ ನಾನಿಲ್ಲ. ಎಳೆಯ ಬೇರಿಗೂ ಬಲಿತ ಬೇರಿಗೂ ಕಿಲೋಗೆ ಒಂದೇ ದರ ಸಿಕ್ಕಿದರೆ ಬಲಿಯುವವರೆಗೆ ಕಾಯುವವರಾರು? 2006ರ ಅರಣ್ಯ ಹಕ್ಕು ಕಾಯ್ದೆ ಬೇರು, ತೊಗಟೆಯಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. ತಕ್ಕಡಿ ಮಾತ್ರ ಇನ್ನೂ ವ್ಯಾಪಾರಿಯ ಕೈಯಲ್ಲಿ.

ಗುಡ್ಡೆಯಲ್ಲಿ ಮದ್ದಿನ ಗಿಡ ಬೆಳೆಸಿ ಎಂದು ಕೃಷಿಕರಿಗೆ ಉಪದೇಶಿಸುವವರೂ ಇದ್ದಾರೆ. ರಬ್ಬರು ಸುಮಾರು ಏಳನೇ ವರ್ಷಕ್ಕೆ ಟ್ಯಾಪಿಂಗಿಗೆ ಬರುತ್ತದೆ, ಶೀಟು ಕೊಳ್ಳುವವರು ಪೇಟೆಯಲ್ಲೇ ಇದ್ದಾರೆ. ಮರದರಿಶಿನ ನೆಟ್ಟವನಿಗೆ ಈ ಎರಡರ ಭರವಸೆಯೂ ಇಲ್ಲ. ಪುಡಿ, ಮಾತ್ರೆ ಮಾರಿ ಲಾಭ ಮಾಡುವ ಕಂಪೆನಿಗಳು ನೆಡುವಾಗಲೇ ಖರೀದಿಯ ಒಪ್ಪಂದ ಬರೆದುಕೊಡಲಿ, ಕಾಯುವ ವರ್ಷಗಳಿಗೆ ಮುಂಗಡವನ್ನೂ ಕೊಡಲಿ. ಅದಾಗದೆ ಇಲ್ಲಿ ಯಾರೂ ಒಂದು ಸಾಲು ರಬ್ಬರನ್ನೂ ಬಿಟ್ಟುಕೊಡುವುದಿಲ್ಲ. ನಾನೂ ಕೊಡುವುದಿಲ್ಲ.