ಅಣಬೆಯ ನೀರು ಆರಲಿ, ಪಾಸ್ತಾದ ನೀರು ಉಳಿಯಲಿ

ಬೆಳಗಾವಿಯಲ್ಲಿ ಪಾಸ್ತಾ ಈಗ ಅಪರೂಪದ ತಿನಿಸೇನೂ ಅಲ್ಲ. ಆದರೆ ಅಣಬೆ ಹಾಕಿದ ಕ್ರೀಮ್ ಪಾಸ್ತಾ ಎಂಬ ಹೆಸರಿನಲ್ಲಿ ತಟ್ಟೆಗೆ ಬರುವುದು ಬಹುಮಟ್ಟಿಗೆ ಮೈದಾದ ಗಂಜಿ. ಅದರಲ್ಲಿ ಅಣಬೆಯ ರುಚಿಯೂ ಹಾಲಿನ ರುಚಿಯೂ ಹತ್ತುವುದಿಲ್ಲ. ಗಟ್ಟಿಯಾದ ಎಮ್ಮೆಯ ಹಾಲು ಸಿಗುವ, ಕುಂದಾಕ್ಕಾಗಿ ಹಾಲನ್ನು ತಾಳ್ಮೆಯಿಂದ ಬತ್ತಿಸಬಲ್ಲ ಈ ಊರಿಗೆ ಮೈದಾದ ಹಂಗು ಏಕೆ ಬೇಕು?

ರುಚಿಯ ಹೆಚ್ಚಿನ ಪಾಲು ಅಣಬೆ ಹುರಿಯುವಲ್ಲೇ ತೀರ್ಮಾನವಾಗುತ್ತದೆ. 200 ಗ್ರಾಂ ಪೊಟ್ಟಣದಲ್ಲಿ ಬರುವ ಬಟನ್ ಅಣಬೆಯಲ್ಲಿ ಶೇ. 90ರಷ್ಟು ನೀರೇ ಇರುತ್ತದೆ. ಆ ನೀರು ಆರುವವರೆಗೆ ಹೋಳುಗಳು ಬೇಯುತ್ತವೆಯೇ ಹೊರತು ಕೆಂಪಗಾಗುವುದಿಲ್ಲ, ಕೆಂಪಗಾಗದ ಅಣಬೆಗೆ ಪರಿಮಳ ಬರುವುದಿಲ್ಲ. ಆದ್ದರಿಂದ ಅಗಲವಾದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಸ್ವಲ್ಪ ಎಣ್ಣೆ ಬಿಟ್ಟು, ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ ದೊಡ್ಡ ಉರಿಯಲ್ಲಿ ಹುರಿಯಬೇಕು. ಬಾಣಲೆ ಚಿಕ್ಕದಿದ್ದರೆ ಎರಡು ಸಲ ಹುರಿಯುವುದೇ ಲೇಸು. ಅಣಬೆಯನ್ನು ನೀರಿನಲ್ಲಿ ನೆನೆಹಾಕುವ ರೂಢಿಯನ್ನು ದಯವಿಟ್ಟು ಬಿಡಿ, ಬೇಗನೆ ತೊಳೆದು ಬಟ್ಟೆಯಿಂದ ಒರೆಸಿದರೆ ಸಾಕು. ಹೆಚ್ಚು ಹುರಿದರೆ ಕರಗಿಹೋದೀತೆಂಬ ಅಂಜಿಕೆಯೂ ಬೇಡ. ಅಣಬೆಯ ಕೋಶಭಿತ್ತಿಯಲ್ಲಿರುವ ಕೈಟಿನ್ ಎಂಬ ಗಟ್ಟಿ ನಾರು ಶಾಖಕ್ಕೆ ಜಗ್ಗುವುದಿಲ್ಲ. ಅಂಚುಗಳು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಉಪ್ಪು, ಬೆಣ್ಣೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಹಾಕಿ, ಬಳ್ಳೊಳ್ಳಿಯನ್ನು ಎಲ್ಲಕ್ಕೂ ಕಡೆಗೆ ಸೇರಿಸಬೇಕು.

ಒಳ್ಳೆಯ ಪಾಸ್ತಾ ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ ಆಗುತ್ತದೆ. ನಮ್ಮ ಬಿಜಗಾ ಗೋಧಿಯೂ ಅದೇ ಜಾತಿಯದು. ಹಾಗಾಗಿ ಶಾವಿಗೆ ಬಸಿದು ಗೊತ್ತಿರುವ ಕೈಗೆ ಪಾಸ್ತಾ ಬೇಯಿಸುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಎರಡು ಚಹಾ ಚಮಚ ಉಪ್ಪು. ಪೊಟ್ಟಣದ ಮೇಲೆ ಬರೆದ ಹೊತ್ತಿಗಿಂತ ಒಂದೆರಡು ನಿಮಿಷ ಮೊದಲೇ ಇಳಿಸಬೇಕು. ಆದರೆ ಶಾವಿಗೆಯ ನೀರನ್ನು ಚೆಲ್ಲಿದ ಹಾಗೆ ಇದನ್ನು ಚೆಲ್ಲಬಾರದು. ಆ ನೀರಿನಲ್ಲಿ ಬಿಟ್ಟುಕೊಂಡಿರುವ ಪಿಷ್ಟವೇ ಬೆಣ್ಣೆಯ ಜಿಡ್ಡನ್ನೂ ನೀರನ್ನೂ ಒಡೆಯದಂತೆ ಹಿಡಿದು, ನಾವು ಮೈದಾದಿಂದ ಬಯಸುವ ನುಣುಪನ್ನು ಕೊಡುತ್ತದೆ. ಒಂದು ಬಟ್ಟಲು ತೆಗೆದಿಡಿ.

ಕೆನೆಯ ಮಾತು. ಎಮ್ಮೆಯ ಹಾಲಿನಲ್ಲಿ ಶೇ. 7ರ ಆಸುಪಾಸು ಕೊಬ್ಬಿರುವುದರಿಂದ, ಒಂದು ಬಟ್ಟಲು ಹಾಲನ್ನು ಬೇರೆ ಪಾತ್ರೆಯಲ್ಲಿ ಅರ್ಧಕ್ಕೆ ಬತ್ತಿಸಿ, ಅಂದಿನದೇ ಕೆನೆಯನ್ನು ಗಂಟಿಲ್ಲದಂತೆ ಕಡೆದು ಬೆರೆಸಿಕೊಂಡರೆ ಇಬ್ಬರಿಗೆ ಸಾಕು. ಬೆಣ್ಣೆಗೆಂದು ದಿನಗಟ್ಟಲೆ ಕೂಡಿಟ್ಟ ಹುಳಿಗೆನೆ ಇಲ್ಲಿ ಬೇಡ, ಅದು ಬಿಸಿಗೆ ಒಡೆಯುತ್ತದೆ. ಉರಿ ತಗ್ಗಿಸಿ ಈ ಹಾಲನ್ನು ಅಣಬೆಗೆ ಸುರಿದು, ಪಾಸ್ತಾ ಹಾಕಿ, ತೆಗೆದಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಒಂದು ನಿಮಿಷ ಬಿಡದೆ ಕೈಯಾಡಿಸಬೇಕು. ಚೀಸ್ ಹಾಕುವವರು ಒಲೆ ಆರಿಸಿದ ಮೇಲೆ ತುರಿದು ಹಾಕಲಿ. ರೋಮ್ ನಗರದ ಮೂಲ ಅಲ್ಫ್ರೆಡೊ ಪಾಸ್ತಾದಲ್ಲಿ ಕ್ರೀಮೇ ಇರಲಿಲ್ಲ. ಬೆಣ್ಣೆ, ಪಾರ್ಮೆಸಾನ್ ಚೀಸ್ ಮತ್ತು ಪಾಸ್ತಾ ಬೇಯಿಸಿದ ನೀರೇ ಸೇರಿ ಸಾಸ್ ಆಗುತ್ತಿತ್ತು ಎಂಬುದನ್ನು ಮೈದಾ ಪಕ್ಷದವರು ಗಮನಿಸಬೇಕೆಂದು ಕೋರುತ್ತೇನೆ.

ಆಗಷ್ಟೇ ಕುಟ್ಟಿದ ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿ ಉದುರಿಸಿ ತಕ್ಷಣ ಬಡಿಸಿ. ಆರಿದಂತೆ ಪಾಸ್ತಾ ಸಾಸನ್ನು ಹೀರಿಕೊಂಡು ಬಿಗಿಯಾಗುತ್ತದೆ. ಯಾರಾದರೂ ಊಟಕ್ಕೆ ತಡವಾಗಿ ಬರುವವರಿದ್ದರೆ ಅವರ ಪಾಲಿಗೆ ಎರಡು ಚಮಚ ಪಾಸ್ತಾದ ನೀರನ್ನು ಉಳಿಸಿಕೊಂಡಿರಿ.