ಇನ್‌ಸ್ಟಾಲ್‌ಗೂ ಮೊದಲೇ ಹೇಳಬಾರದಾ?

ಲಿನಕ್ಸ್‌ನಲ್ಲಿ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ತಂತ್ರಾಂಶದಿಂದ ಓಡೋ ಇನ್ನೊಂದು ಕಂಪ್ಯೂಟರ್) ಹಾಕೋಣ ಅಂತ ಹೊರಟರೆ ಈ ‘ಕನಿಷ್ಠ ಅಗತ್ಯ’ಗಳ ಪಟ್ಟಿ ನೋಡಿಯೇ ಮೈ ಉರಿಯುತ್ತೆ. 4 ಜಿಬಿ ರ‍್ಯಾಮ್ ಸಾಕು ಅಂತ ಬರೆದು ಕೈ ತೊಳ್ಕೊಂಡ್ಬಿಡ್ತಾರೆ. ಒಳಗಿನ ಗೆಸ್ಟ್‌ಗೆ, ಅಂದರೆ ಆ ವರ್ಚುವಲ್ ಮಷೀನ್‌ಗೆ, 2 ಜಿಬಿ ಕೊಟ್ಟಮೇಲೆ ಹೊರಗಿನ ಡೆಸ್ಕ್‌ಟಾಪ್‌ಗೆ, ಬ್ರೌಸರ್‌ಗೆ ಏನು ಉಳಿಯುತ್ತೆ? ಅದರ ಬಗ್ಗೆ ಒಂದಕ್ಷರ ಇರಲ್ಲ.

ಪ್ರೊಸೆಸರ್ ಕಥೆಯಂತೂ ಇನ್ನೂ ಕಿರಿಕಿರಿ. ಚಿಪ್‌ನಲ್ಲಿ ವರ್ಚುವಲೈಸೇಶನ್ (ವರ್ಚುವಲ್ ಮಷೀನ್ ಓಡಿಸೋ) ಸೌಲಭ್ಯ ಸಾಮಾನ್ಯವಾಗಿ ಇದ್ದೇ ಇರುತ್ತೆ, ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಓಡೋ ಮೂಲ ತಂತ್ರಾಂಶದಲ್ಲಿ) ಎಷ್ಟೋ ಸಲ ಆಫ್ ಆಗಿರುತ್ತೆ. ಆನ್ ಮಾಡೋಣ ಅಂದರೆ ಒಂದೊಂದು ಬೋರ್ಡ್‌ನಲ್ಲಿ ಒಂದೊಂದು ಹೆಸರು. ಇಂಟೆಲ್‌ದಾದರೆ ವಿಟಿ-ಎಕ್ಸ್, ಎಎಂಡಿಯದಾದರೆ ಎಸ್‌ವಿಎಂ ಮೋಡ್. ಅದನ್ನೂ ಕೆಲವರು ಓವರ್‌ಕ್ಲಾಕಿಂಗ್ (ಪ್ರೊಸೆಸರ್ ವೇಗ ಹೆಚ್ಚಿಸೋ) ಮೆನುವಿನೊಳಗೆ ತುರುಕಿರ್ತಾರೆ! ಅಲ್ಲಿ ಯಾರು ಹುಡುಕ್ತಾರೆ ಹೇಳಿ?

ಅದು ಮುಗೀತು ಅಂದರೆ ಸೆಕ್ಯೂರ್ ಬೂಟ್ (ನಂಬಿಕಸ್ಥ ಡಿಜಿಟಲ್ ಸಹಿ ಇರೋ ತಂತ್ರಾಂಶವನ್ನಷ್ಟೇ ಬಿಡೋ ಭದ್ರತಾ ವ್ಯವಸ್ಥೆ) ಅಡ್ಡ ಬರುತ್ತೆ: ಸಹಿ ಇಲ್ಲದ ಕರ್ನಲ್ ಮಾಡ್ಯೂಲ್, ಅಂದರೆ ಲಿನಕ್ಸ್‌ನ ತಿರುಳಿಗೆ ಸೇರಿಸೋ ತುಣುಕು, ಸಾಮಾನ್ಯವಾಗಿ ಲೋಡ್ ಆಗಲ್ಲ. ಕೆವಿಎಂ ಅನ್ನೋ ಲಿನಕ್ಸ್‌ನದೇ ವರ್ಚುವಲೈಸೇಶನ್ ವ್ಯವಸ್ಥೆ 2007ರಿಂದಲೇ ಕರ್ನಲ್ ಒಳಗಿದೆ, ಅದಕ್ಕೆ ಈ ಗೋಳು ಕಡಿಮೆ. ಪ್ರತ್ಯೇಕ ಮಾಡ್ಯೂಲ್ ಬಿಲ್ಡ್ ಮಾಡೋ ತಂತ್ರಾಂಶಗಳಿಗೆ ಕರ್ನಲ್ ಹೆಡರ್‌ಗಳೂ (ಮಾಡ್ಯೂಲ್ ಕಟ್ಟೋಕೆ ಬೇಕಾದ ಕರ್ನಲ್‌ನ ಕೋಡ್ ಫೈಲ್‌ಗಳು) ಬೇಕು.

ಇಷ್ಟನ್ನೂ ಒಂದು ಪುಟ್ಟ ಸ್ಕ್ರಿಪ್ಟ್ ಮೊದಲೇ ಪರೀಕ್ಷಿಸಿ ಹೇಳಬಹುದು. ಇನ್‌ಸ್ಟಾಲರ್ ಮಾತ್ರ ಕೊನೇವರೆಗೂ ಸುಮ್ಮನಿದ್ದು, ಮಷೀನ್ ಶುರು ಮಾಡೋ ಹೊತ್ತಿಗೆ ಎರರ್ ಎಸೆಯುತ್ತೆ.