ನೂರು ಸಲ ಸ್ವಾತಂತ್ರ್ಯ

ನವೆಂಬರ್ 26, ಸಂವಿಧಾನ ದಿನ. ತೀರ್ಥಹಳ್ಳಿ ಕಡೆಯ ನಮ್ಮೂರ ಶಾಲೆ. ಅಡಿಕೆ ಕೊಯ್ಲಿನ ಗಡಿಬಿಡಿ ಬಿಟ್ಟು ಬಂದು, ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸದಸ್ಯನೆಂಬ ಠೀವಿಯಲ್ಲಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ಹಿಡಿದಿದ್ದೆ. ಎದುರಿನ ಗೋಡೆಯ ತುಂಬ ಸಂವಿಧಾನದ ಪ್ರಸ್ತಾವನೆ. ಬರೆದ ಪೇಂಟರ್ 'ಸ್ವಾತಂತ್ರ' ಎಂದು ಬರೆದು ಯ-ಒತ್ತನ್ನು ನುಂಗಿದ್ದ. ಉಳಿದದ್ದನ್ನು ಮಳೆಗಾಲದ ಪಾಚಿ ನೋಡಿಕೊಂಡಿತ್ತು.

ಮಕ್ಕಳು ಒಕ್ಕೊರಲಿನಿಂದ ಓದಿದರು. "ನಿಮ್ಮ ಹಕ್ಕುಗಳ ಬಗ್ಗೆ ಅಂಜದೆ ಪ್ರಶ್ನೆ ಕೇಳಿ ಮಕ್ಕಳೇ" ಎಂದು ಮುಖ್ಯೋಪಾಧ್ಯಾಯರು ಭಾಷಣ ಮುಗಿಸಿದರು. ಭಾಷಣದಲ್ಲಿ ಹೇಳಿದ್ದನ್ನು ನಂಬಬಾರದೆಂಬ ಪಾಠ ಏಳನೇ ತರಗತಿಗೆ ಇಲ್ಲ. ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನಮ್ಮ ಶೌಚಾಲಯಕ್ಕೆ ಯಾಕೆ ಬೀಗ?"

ಬೀಗ ಹಾಕಲು ತೀರ್ಮಾನಿಸಿದ್ದು ನಾವೇ. ಹೊಸ ಟೈಲ್ಸ್, ಮಕ್ಕಳು ಬಳಸಿದರೆ ಹಾಳಾಗುವುದಿಲ್ಲವೇ? ಸಾಹೇಬರು ತಪಾಸಣೆಗೆ ಬಂದ ದಿನ ಬಾಗಿಲು ತೆರೆದು, ಫಿನಾಯಿಲ್ ಅಭಿಷೇಕ ಮಾಡಿಸಿ, ದರ್ಶನ ಕೊಡಿಸಿ ಮತ್ತೆ ಮುಚ್ಚುತ್ತೇವೆ. ಹುಡುಗಿಯರಿಗೆ ಕಾಫಿ ತೋಟದ ಮರೆ ಇದ್ದೇ ಇದೆ, ಜೊತೆಗೆ ರಕ್ತ ಹೀರುವ ಉಂಬಳ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತ್ಯೇಕ ಶೌಚಾಲಯ ಇರಬೇಕೆಂದಿದೆ. ಇದೆಯಲ್ಲ!

ಕೇರಳದಲ್ಲಿ 1985ರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡದೇ ಇದ್ದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದರು. ಮರುವರ್ಷ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ನಿಂತಿತು. ಬಾಯಿ ತೆರೆಯದವರಿಗೇ ಅಷ್ಟು ಹಕ್ಕು. ನಮ್ಮವಳು ಪ್ರಸ್ತಾವನೆ ಓದಿದಳು, ನಾಡಗೀತೆಯನ್ನೂ ಹಾಡಿದಳು. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು.

ಅದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮುಖ್ಯೋಪಾಧ್ಯಾಯರು ಕಾನೂನು ಬಲ್ಲವರು, ಬೆತ್ತ ಮುಟ್ಟಲಿಲ್ಲ. "ಸಂವಿಧಾನದ ಮೇಲೆ ಅಷ್ಟು ಪ್ರೀತಿಯಿದ್ದರೆ ಪ್ರಸ್ತಾವನೆಯನ್ನು ನೂರು ಸಲ ಬರೆದು ತಾ" ಎಂದರಷ್ಟೇ. ನಾನು ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕುತ್ತಿದ್ದೆ.

ನಾಲ್ಕು ದಿನಕ್ಕೆ ಎರಡು ನೋಟ್ ಪುಸ್ತಕ ತುಂಬಿಸಿ ತಂದಳು. ನೂರು ಸಲ ವಿಚಾರ, ನೂರು ಸಲ ಅಭಿವ್ಯಕ್ತಿ, ನೂರು ಸಲವೂ ಯ-ಒತ್ತು ಸಮೇತ ಸ್ವಾತಂತ್ರ್ಯ. ಮುಖ್ಯೋಪಾಧ್ಯಾಯರು ಕನ್ನಡಕ ಏರಿಸಿ ಗೋಡೆಯನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. ಕೆಂಪು ಪೆನ್ನು ತೆಗೆದು ಒಂದೊಂದೇ ಯ-ಒತ್ತನ್ನು ಹೊಡೆದುಹಾಕಿ, ಕೊನೆಗೆ ಷರಾ ಬರೆದರು: "ಗೋಡೆ ನೋಡಿ ತಿದ್ದಿಕೋ."